ವಿಂಡೋಸ್ 10 ಬಿಡುವುದು ಯಾವಾಗ? ಮನೆ, ಅಂಗಡಿ, ಸಣ್ಣ ಕಚೇರಿಯವರು ಹಾಕಿಕೊಳ್ಳಬೇಕಾದ ಲೆಕ್ಕ

ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ, ಮತ್ತೇಕೆ ಬದಲಿಸಬೇಕು? ವಿಂಡೋಸ್ 10 ಬಗ್ಗೆ ಓದುಗರು ಕೇಳುವುದನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಲೇಬೇಕು ಅಂತಿದ್ದಾರೆ, ನಿಜವೇ? ಎಲ್ಲರಿಗೂ ಒಪ್ಪುವ ಒಂದು ತಾರೀಖು ಇಲ್ಲ. ಯಂತ್ರಕ್ಕೆ ಎಷ್ಟು ವಯಸ್ಸಾಯಿತು ಎಂಬುದಕ್ಕಿಂತ ಅದರಲ್ಲಿ ನೀವು ಯಾವ ಕೆಲಸ ಮಾಡುತ್ತೀರಿ, ಅದಕ್ಕೆ ಏನೇನು ಕಟ್ಟಿಹಾಕಿಕೊಂಡಿದ್ದೀರಿ ಎಂಬುದರಿಂದ ನಿಮ್ಮ ತಾರೀಖು ಗೊತ್ತಾಗುತ್ತದೆ. ಅದನ್ನು ನೀವೇ ಕಂಡುಕೊಳ್ಳುವ ಬಗೆ ಇಲ್ಲಿದೆ.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್, ನಿಮ್ಮ ಫೈಲುಗಳ ಎರಡರಷ್ಟು ಜಾಗವಿರುವ ಹೊರಗಿನ ಹಾರ್ಡ್‌ಡಿಸ್ಕ್, 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದರ ಪಿನ್. ಪರಿಶೀಲನೆಗೆ ಒಂದು ಸಂಜೆ ಸಾಕು. ಬದಲಾವಣೆಗೆ ಒಂದು ಪೂರ್ತಿ ದಿನ ಎತ್ತಿಡಿ.

ಮೊದಲು, ‘ಬೆಂಬಲ ಮುಗಿಯಿತು’ ಅಂದರೆ ಏನು

2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮರುದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ, ನಿಲ್ಲುವುದೂ ಇಲ್ಲ. ನಿಂತದ್ದು ಪ್ಯಾಚ್, ಅಂದರೆ ಸಿಸ್ಟಮ್‌ನಲ್ಲಿ ಪತ್ತೆಯಾದ ತೂತುಗಳಿಗೆ ಹಾಕುವ ತೇಪೆ. ಮೈಕ್ರೋಸಾಫ್ಟ್ ಇದನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಕೊಡುತ್ತದೆ.

ಅಪಾಯ ಇರುವುದೂ ಇಲ್ಲಿಯೇ. ವಿಂಡೋಸ್ 10 ಮತ್ತು 11ರ ಒಳಗಿನ ಬಹುಪಾಲು ಕೋಡ್ ಒಂದೇ ಬೇರಿನದು. ವಿಂಡೋಸ್ 11ಕ್ಕೆ ತೇಪೆ ಬಂದ ದಿನ, ತೇಪೆಗೆ ಮುಂಚಿನ ಫೈಲನ್ನೂ ನಂತರದ ಫೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತೆಂದು ಬಲ್ಲವರಿಗೆ ತಿಳಿದುಹೋಗುತ್ತದೆ. ಅದೇ ತೂತು ತೇಪೆ ಸಿಗದ ಹಳೆಯ ಯಂತ್ರದಲ್ಲಿ ತೆರೆದೇ ಇರುತ್ತದೆ. ಹಾಗಾಗಿ ಬೆಂಬಲ ಮುಗಿದ ಸಿಸ್ಟಮ್ ಮೊದಲ ದಿನವೇ ಅಪಾಯಕಾರಿ ಆಗುವುದಿಲ್ಲ, ತಿಂಗಳು ಕಳೆದಂತೆಲ್ಲ ಆಗುತ್ತದೆ.

2017ರ ಮೇ 12ರಂದು ಹರಡಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ನೆನಪಿರಬಹುದು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹೆಚ್ಚು ಪೆಟ್ಟು ತಿಂದದ್ದು ಬೆಂಬಲವಿದ್ದೂ ಅಪ್‌ಡೇಟ್ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ಆದ್ದರಿಂದ ಹೊಸ ಸಿಸ್ಟಮ್ ಹಾಕಿಸಿ ಅಪ್‌ಡೇಟ್ ನಿಲ್ಲಿಸಿಟ್ಟರೆ ಖರ್ಚು ಮಾಡಿದ್ದಷ್ಟೇ ಬಂತು.

‘ಆಂಟಿವೈರಸ್ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ವಿಂಡೋಸ್ 10ರ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಹೊಸದಾಗುತ್ತಲೇ ಇರುತ್ತದೆ. ಒಳಗೆ ಬಂದವನ ಮುಖ ಗುರುತಿಸುವುದು ಅದರ ಕೆಲಸ. ಮುರಿದ ಕಿಟಕಿಯನ್ನು ಅದು ರಿಪೇರಿ ಮಾಡುವುದಿಲ್ಲ.

ಹಂತ 1: ನಿಮ್ಮ ಹತ್ತಿರ ಇರುವುದು ಏನು?

ವಿಂಡೋಸ್ ಚಿಹ್ನೆಯ ಕೀಲಿ ಒತ್ತಿ ಹಿಡಿದು ‘ಆರ್’ ಒತ್ತಿ. ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ‘ವಿನ್‌ವರ್’ ಎಂದು ಟೈಪಿಸಿ (ಅಕ್ಷರಗಳು: ಡಬ್ಲ್ಯೂ, ಐ, ಎನ್, ವಿ, ಇ, ಆರ್). ವಿಂಡೋಸ್ 10 ಎಂದಿದ್ದರೆ ಆವೃತ್ತಿಯ ಜಾಗದಲ್ಲಿ 22ಎಚ್2 ಇದೆಯೇ ನೋಡಿ. ವಿಂಡೋಸ್ 10ರ ಕಡೆಯ ಆವೃತ್ತಿ ಅದು. 21ಎಚ್2, 1909 ಹೀಗೆ ಬೇರೇನಾದರೂ ಇದ್ದರೆ ನಿಮ್ಮ ಯಂತ್ರಕ್ಕೆ ತೇಪೆ ನಿಂತು ವರ್ಷಗಳೇ ಆಗಿರುವ ಸಾಧ್ಯತೆ ಹೆಚ್ಚು. ಮೊದಲು 22ಎಚ್2ಗೆ ಬನ್ನಿ, ಆಮೇಲೆ ಮುಂದಿನ ಮಾತು.

ಅದೇ ಪೆಟ್ಟಿಗೆಯಲ್ಲಿ ‘ಎಂಎಸ್‌ಇನ್ಫೋ32’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಉದ್ದನೆಯ ಪಟ್ಟಿ ತೆರೆಯುತ್ತದೆ. ನೋಟ್‌ಬುಕ್‌ಗೆ ಬರೆದುಕೊಳ್ಳಬೇಕಾದದ್ದು ಐದು ಸಾಲು: ಸಿಸ್ಟಮ್ ಟೈಪ್ (64-ಬಿಟ್ಟೋ 32-ಬಿಟ್ಟೋ), ಪ್ರೊಸೆಸರ್ ಹೆಸರು, ಬಯೋಸ್ ಮೋಡ್ (ಯುಇಎಫ್‌ಐ ಅಥವಾ ಲೆಗಸಿ), ಸೆಕ್ಯೂರ್ ಬೂಟ್ ಸ್ಟೇಟ್, ಮತ್ತು ಅಳವಡಿಸಿರುವ ರ‍್ಯಾಮ್. ಬಯೋಸ್ ಅಂದರೆ ವಿಂಡೋಸ್ ಏಳುವ ಮುಂಚೆ ಯಂತ್ರವನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಯುಇಎಫ್‌ಐ ಅದರ ಹೊಸ ರೂಪ. ಯಂತ್ರ ಏಳುವಾಗ ನಂಬಲಾಗದ ತಂತ್ರಾಂಶ ಓಡದಂತೆ ತಡೆಯುವ ಕಾವಲು ಸೆಕ್ಯೂರ್ ಬೂಟ್.

ಮೂರನೆಯದು ಟಿಪಿಎಂ. ಪಾಸ್‌ವರ್ಡ್ ಮತ್ತು ಗೂಢಲಿಪಿಯ ಕೀಲಿಗಳನ್ನು ಬಚ್ಚಿಡುವ ಚಿಪ್ ಇದು. ಪೆಟ್ಟಿಗೆಯಲ್ಲಿ ‘ಟಿಪಿಎಂ’, ಚುಕ್ಕೆ, ‘ಎಂಎಸ್‌ಸಿ’ ಹೊಡೆಯಿರಿ. ತೆರೆದ ಕಿಟಕಿಯ ಕೆಳಭಾಗದಲ್ಲಿ ‘ಸ್ಪೆಸಿಫಿಕೇಶನ್ ವರ್ಷನ್’ ಎದುರು 2.0 ಕಂಡರೆ ಸರಿ. ‘ಟಿಪಿಎಂ ಸಿಗಲಿಲ್ಲ’ ಎಂಬರ್ಥದ ಸಾಲು ಬಂದರೆ ಕೂಡಲೇ ಕೈಚೆಲ್ಲಬೇಡಿ. ಚಿಪ್ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುವುದು ತೀರಾ ಸಾಮಾನ್ಯ, ಅದರಲ್ಲೂ ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ. ಇಂಟೆಲ್ ಬೋರ್ಡ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮಾತ್ರ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯದೆ ಬಯೋಸ್‌ಗೆ ಕೈ ಹಾಕಬೇಡಿ. ಮುಂದಿನ ಸಲ ಏಳುವಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ.

ಹಂತ 2: ಈ ಯಂತ್ರದಲ್ಲಿ ಏನು ನಡೆಯುತ್ತದೆ?

ಎಷ್ಟು ಬೇಗ ಬದಲಿಸಬೇಕೆಂದು ಗೊತ್ತಾಗುವುದು ಈ ಪ್ರಶ್ನೆಯಿಂದ.

ನೆಟ್‌ಬ್ಯಾಂಕಿಂಗ್, ಜಿಎಸ್‌ಟಿ, ಆದಾಯ ತೆರಿಗೆ, ಗ್ರಾಹಕರ ಆಧಾರ್–ಪ್ಯಾನ್ ಪ್ರತಿಗಳು, ಡಿಜಿಟಲ್ ಸಹಿ: ಇವುಗಳಲ್ಲಿ ಒಂದಾದರೂ ಇದ್ದರೆ ಅದು ದುಡ್ಡಿನ ಯಂತ್ರ. ಪ್ಯಾಚ್ ಇಲ್ಲದೆ ಒಂದು ತಿಂಗಳೂ ಓಡಿಸಬಾರದು. ಈಗಾಗಲೇ ತಿಂಗಳುಗಳು ಕಳೆದಿದ್ದರೆ ಇವತ್ತೇ ಹಂತ 5ರ ಎರಡನೇ ದಾರಿ ಹಿಡಿದು ರಕ್ಷಣೆ ಪಡೆಯಿರಿ, ಉಳಿದದ್ದನ್ನು ನಿಧಾನವಾಗಿ ಯೋಚಿಸಿ.

ಯೂಟ್ಯೂಬ್, ಮಕ್ಕಳ ಪಾಠ, ಪತ್ರ ಟೈಪಿಸುವುದು, ಇಷ್ಟೇ ನಡೆಯುವ ಮನೆಯ ಯಂತ್ರಕ್ಕೆ ಸ್ವಲ್ಪ ಸಡಿಲವಿದೆ. ಆದರೆ ಅದೇ ಬ್ರೌಸರ್‌ನಲ್ಲಿ ನಿಮ್ಮ ಜಿಮೇಲ್ ತೆರೆದೇ ಇದ್ದರೆ, ಆ ಜಿಮೇಲ್‌ಗೆ ಬ್ಯಾಂಕಿನ ಪತ್ರಗಳು ಬರುತ್ತಿದ್ದರೆ ಅದೂ ದುಡ್ಡಿನ ಯಂತ್ರವೇ. ಬಹಳ ಮನೆಗಳಲ್ಲಿ ಹೀಗೇ ಇರುತ್ತದೆ.

ಮೂರನೇ ಜಾತಿಯದು ಇಂಟರ್ನೆಟ್ ಮುಟ್ಟದ ಯಂತ್ರ. ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಹಳೆಯ ಪೇಜ್‌ಮೇಕರ್ ಓಡಿಸಲು ಇಟ್ಟುಕೊಂಡ ಎಕ್ಸ್‌ಪಿ ಡಬ್ಬ, ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರಕ್ಕೆ ಜೋಡಿಸಿದ ವಿಂಡೋಸ್ 7, ಲ್ಯಾಬಿನ ತಪಾಸಣಾ ಯಂತ್ರದ ಪಕ್ಕದ ಪಿಸಿ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ ಮುಗಿದಿದೆ, ನಿಜ. ಆದರೂ ಇವನ್ನು ಕಿತ್ತೆಸೆಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ, ವೈಫೈ ಡಾಂಗಲ್ ತೆಗೆದಿಡಿ, ಆಟೋರನ್ ನಿಲ್ಲಿಸಿ (ಪೆನ್‌ಡ್ರೈವ್ ಚುಚ್ಚಿದೊಡನೆ ಅದರಲ್ಲಿದ್ದದ್ದು ತಾನೇ ಓಡುವುದನ್ನು ತಡೆಯಲು). ಫೈಲು ಸಾಗಿಸಲು ಒಂದೇ ಪೆನ್‌ಡ್ರೈವ್ ಮೀಸಲಿಡಿ, ಪ್ರತಿ ಸಲವೂ ಅದನ್ನು ಹೊಸ ಯಂತ್ರದಲ್ಲಿ ಸ್ಕ್ಯಾನ್ ಮಾಡಿಯೇ ಚುಚ್ಚಿ. ಆಮೇಲೆ ಯಾರೋ ‘ಒಂದೇ ನಿಮಿಷ, ಮೇಲ್ ನೋಡ್ತೀನಿ’ ಎಂದು ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟರೆ ಇಷ್ಟೂ ಶ್ರಮ ನೀರಿಗೆ ಬಿತ್ತು.

ಯಂತ್ರ ನಿಧಾನವಾಗಿದೆ ಎಂಬುದು ಮಾತ್ರ ಸಿಸ್ಟಮ್ ಬದಲಿಸಲು ಕಾರಣವಲ್ಲ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ವಿಂಡೋಸ್ 11 ಹಾಕಿದರೆ ಇನ್ನಷ್ಟು ತೆವಳುತ್ತದೆ. ಆ ಡಿಸ್ಕ್ ತೆಗೆದು 256 ಅಥವಾ 512 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿ. ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ಹಂತ 3: ಯಂತ್ರಕ್ಕೆ ಏನೇನು ಕಟ್ಟಿದ್ದೀರಿ?

ಬದಲಾಯಿಸಿದ ಮೇಲೆ ಬರುವ ಗೋಳಿನ ಬಹುಪಾಲು ಈ ಹಂತವನ್ನು ಹಾರಿಸಿದ್ದರಿಂದ ಬರುತ್ತದೆ. ವಿಂಡೋಸ್ ಬದಲಾಗಿರುತ್ತದೆ, ಸಂಬಳದ ಪಟ್ಟಿ ತೆರೆಯುವುದಿಲ್ಲ. ಸಾವಧಾನವಾಗಿ ನೋಡಿ.

ಕನ್ನಡದ ಫೈಲುಗಳು. ನುಡಿ, ಬರಹ, ಶ್ರೀಲಿಪಿಗಳಲ್ಲಿ ಹಿಂದೆ ಟೈಪಿಸಿದ ಬಹಳಷ್ಟು ಫೈಲುಗಳು ಯೂನಿಕೋಡ್‌ನಲ್ಲಿಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿಯಲ್ಲಿಲ್ಲ. ಅವುಗಳಲ್ಲಿ ಕಂಪ್ಯೂಟರ್ ಮಟ್ಟಿಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಕನ್ನಡ ಕಾಣುವಂತೆ ಮಾಡುವುದು ಫಾಂಟ್. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ, ಫೈಲೇ ಕೆಟ್ಟಿತೆಂದು ಜನ ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ ತೆರೆದು ನುಡಿ ಮತ್ತು ಬರಹದ ಫಾಂಟ್‌ಗಳನ್ನೆಲ್ಲ (ಬರಹದವು ಸಾಮಾನ್ಯವಾಗಿ ಬಿಆರ್‌ಎಚ್ ಎಂದು ಶುರುವಾಗುತ್ತವೆ) ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಮುಖ್ಯವಾದ ಕಾಗದಪತ್ರಗಳನ್ನು ಹಳೆಯ ಯಂತ್ರದಲ್ಲೇ ಪಿಡಿಎಫ್ ಮಾಡಿಟ್ಟರೆ ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ.

ಇದೇ ಸಂದರ್ಭದಲ್ಲಿ ಹಳೆಯದನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಬಿಡೋಣ ಎನಿಸಬಹುದು. ಒಳ್ಳೆಯದೇ, ಆದರೆ ಮೂಲ ಫೈಲು ಅಳಿಸಬೇಡಿ. ಪರಿವರ್ತಕಗಳು ಎಡವುವ ಎರಡು ಜಾಗ ನೆನಪಿಡಿ. ಒಂದು, ಅರ್ಕಾವೊತ್ತು: ‘ಸರ್ಕಾರ’, ‘ವರ್ಷ’, ‘ಅರ್ಜಿ’ ಇಂಥ ಪದಗಳನ್ನು ಹುಡುಕಿ ನೋಡಿ. ಇನ್ನೊಂದು, ಕನ್ನಡದ ನಡುವೆ ಟೈಪಿಸಿದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳು. ಫಾಂಟ್ ಯಾವುದೆಂದು ನೋಡದ ಪರಿವರ್ತಕ ಅವನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳ ಸಾಲು ಮಾಡುತ್ತದೆ.

ಯೂನಿಕೋಡ್ ಫೈಲುಗಳಲ್ಲೂ ಒಂದು ಸಣ್ಣ ಮೋಸವಿದೆ. ಎಕ್ಸ್‌ಪಿ, ವಿಂಡೋಸ್ 7ರ ಕಾಲದಲ್ಲಿ ಕನ್ನಡಕ್ಕೆ ‘ತುಂಗಾ’ ಫಾಂಟ್ ಜೊತೆಗೇ ಬರುತ್ತಿತ್ತು. ಈಗಿನ ವಿಂಡೋಸ್‌ನಲ್ಲಿ ಕನ್ನಡ ತೋರಿಸುವುದು ‘ನಿರ್ಮಲಾ ಯುಐ’. ತುಂಗಾದಲ್ಲಿ ಮೂರು ಪುಟವಿದ್ದ ಪತ್ರ ಹೊಸ ಯಂತ್ರದಲ್ಲಿ ನಾಲ್ಕಾದರೆ, ಕೋಷ್ಟಕದ ಗೆರೆ ಮೀರಿ ಅಕ್ಷರ ಹೋದರೆ ಕಾರಣ ಇದೇ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಹುಡುಕಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿಕೊಂಡರೆ ತುಂಗಾ ವಾಪಸು ಬರುತ್ತದೆ.

ಕೀಲಿಮಣೆಯ ವಿಷಯ. ವಿಂಡೋಸ್ 11ರಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ವಿನ್ಯಾಸಗಳು ಒಳಗೇ ಇವೆ. ನುಡಿಯ ಕೆಜಿಪಿ ವಿನ್ಯಾಸ ಇಲ್ಲ. ಆ ವಿನ್ಯಾಸಕ್ಕೆ ಬೆರಳು ಪಳಗಿದವರು ನುಡಿಯ ಹೊಸ ಆವೃತ್ತಿಯನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು.

ಡಿಜಿಟಲ್ ಸಹಿಯ ಟೋಕನ್. ಪೆನ್‌ಡ್ರೈವ್‌ನಂತಿರುವ ಇದರೊಳಗಿನ ಗುಟ್ಟಿನ ಕೀಲಿ ಅದರಲ್ಲೇ ಇರುತ್ತದೆ, ವಿಂಡೋಸ್ ಬದಲಿಸಿದರೆ ಹೋಗುವುದಿಲ್ಲ. ಹೋಗುವುದು ಡ್ರೈವರ್, ಅಂದರೆ ಆ ಸಾಧನದ ಜೊತೆ ವಿಂಡೋಸ್ ಮಾತಾಡಲು ಬೇಕಾದ ತಂತ್ರಾಂಶ. ಟೋಕನ್ ಮೇಲಿನ ಹೆಸರು ನೋಡಿ ಅದೇ ಕಂಪನಿಯ ವಿಂಡೋಸ್ 11 ಡ್ರೈವರ್ ಇಳಿಸಿಡಿ. ಜಿಎಸ್‌ಟಿ ತಾಣದಲ್ಲಿ ಸಹಿ ಹಾಕಲು ಬೇಕಾದ ಎಂಸೈನರ್ ಕೂಡ ಹೊಸದಾಗಿ ಹಾಕಬೇಕಾಗುತ್ತದೆ. ಪಿನ್ ಮರೆತು ಊಹೆ ಹೊಡೆಯುತ್ತಾ ಹೋದರೆ ಕೆಲವೇ ಪ್ರಯತ್ನಗಳಲ್ಲಿ ಟೋಕನ್ ಲಾಕ್ ಆಗುತ್ತದೆ. ಈಗಲೇ ಒಮ್ಮೆ ಪಿನ್ ಹಾಕಿ ನೋಡಿಬಿಡಿ.

ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ). ಕಂಪನಿ ಆಯ್ಕೆಯ ಪರದೆಯಲ್ಲಿ ಡೇಟಾ ಎಲ್ಲಿದೆ ಎಂಬ ದಾರಿ ಕಾಣುತ್ತದೆ. ಆ ಫೋಲ್ಡರ್ ಇಡಿಯಾಗಿ ನಕಲಾಗಬೇಕು. ಫಾರ್ಮ್ಯಾಟ್ ಮಾಡುವ ಅಥವಾ ಯಂತ್ರ ಬದಲಿಸುವ ಮುನ್ನ ಲೈಸೆನ್ಸ್ ಮೆನುವಿನಲ್ಲಿ ‘ಸರೆಂಡರ್’ ಮಾಡಿ. ಮಾಡದಿದ್ದರೆ ಹೊಸ ಯಂತ್ರದಲ್ಲಿ ಲೈಸೆನ್ಸ್ ಏರದೆ ಸಹಾಯವಾಣಿಯ ಬಾಗಿಲಲ್ಲಿ ಕಾಯಬೇಕಾಗುತ್ತದೆ.

ಪ್ರಿಂಟರ್, ಸ್ಕ್ಯಾನರ್, ಡಾಂಗಲ್. ವಿಂಡೋಸ್ 11 ಬರುವುದು 64-ಬಿಟ್‌ನಲ್ಲಿ ಮಾತ್ರ, ಹಾಗಾಗಿ 32-ಬಿಟ್ ಡ್ರೈವರ್ ಬಿಟ್ಟರೆ ಬೇರೆ ಇಲ್ಲದ ಸಾಧನ ಅದರಲ್ಲಿ ಕೆಲಸ ಮಾಡುವುದಿಲ್ಲ. 64-ಬಿಟ್ ಡ್ರೈವರ್ ಇದ್ದರೂ ತೀರ ಹಳೆಯದಾದರೆ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಅದನ್ನು ತಡೆಯಬಹುದು. ಹಾಗಾದಾಗ ಕಾವಲನ್ನೇ ಆಫ್ ಮಾಡಿಸುವ ಮೆಕ್ಯಾನಿಕ್‌ಗಳಿದ್ದಾರೆ. ಮೊದಲು ಹೊಸ ಡ್ರೈವರ್ ಹುಡುಕಿಸಿ.

ಹಂತ 4: ವಿಂಡೋಸ್ 11 ಈ ಯಂತ್ರಕ್ಕೆ ಏರುತ್ತದೆಯೇ?

ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಇಳಿಸಿ ಓಡಿಸಿದರೆ ಹೌದು–ಇಲ್ಲ ಹೇಳುತ್ತದೆ. ಕೇಳುವ ಕನಿಷ್ಠ ಅರ್ಹತೆ: 64-ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0. ಇದರಲ್ಲಿ 4 ಜಿಬಿ ಎಂಬುದು ಕಾಗದದ ಮೇಲಿನ ಮಾತು. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆಯಬೇಕಾದರೆ 8 ಬೇಕು.

ಹೆಚ್ಚಿನವರು ಸೋಲುವುದು ಪ್ರೊಸೆಸರ್ ಪಟ್ಟಿಯಲ್ಲಿ. ಇಂಟೆಲ್ ಕೋರ್ ಸಾಲಿನಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆಯಿಂದ ಮೇಲಿನವು ಪಟ್ಟಿಯಲ್ಲಿವೆ. ಪೀಳಿಗೆ ತಿಳಿಯುವುದು ಅಡ್ಡಗೆರೆಯ ನಂತರದ ಅಂಕಿಯಿಂದ: ಐ5-7200ಯು ಅಂದರೆ 7ನೇ ಪೀಳಿಗೆ, ಆಗದು. ಐ5-8250ಯು ಅಂದರೆ 8ನೆಯದು, ಆಗುತ್ತದೆ. ಐ3-1005ಜಿ1ರಲ್ಲಿ ಮೊದಲ ಅಂಕಿ 1 ಎಂದು ಹೆದರಬೇಡಿ, ಅದು 10ನೇ ಪೀಳಿಗೆ. ಎಎಂಡಿ ಕಡೆ ರೈಜನ್ 2000 ಸರಣಿಯಿಂದ ಶುರು ಎನ್ನುತ್ತಾರೆ, ಆದರೆ ಆ ಸರಣಿಯ ಎಲ್ಲವೂ ಪಟ್ಟಿಯಲ್ಲಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಬಂದ ರೈಜನ್ 5 2500ಯು ಹೊರಗಿದೆ.

ಪ್ರೊಸೆಸರ್ ಸರಿಯಿದ್ದು ಬಯೋಸ್ ಮೋಡ್ ಮಾತ್ರ ‘ಲೆಗಸಿ’ ಎಂದಿದ್ದರೆ ಫಾರ್ಮ್ಯಾಟ್ ಮಾಡಲೇಬೇಕೆಂದಿಲ್ಲ. ಡಿಸ್ಕನ್ನು ಹಳೆಯ ಎಂಬಿಆರ್ ವಿಭಜನೆಯಿಂದ ಹೊಸ ಜಿಪಿಟಿಗೆ ಬದಲಿಸುವ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ವಿಂಡೋಸ್ 10ರಲ್ಲೇ ಇದೆ. ಮೊದಲು ‘ವ್ಯಾಲಿಡೇಟ್’ ಆಜ್ಞೆ ಕೊಟ್ಟು ಡಿಸ್ಕ್ ಯೋಗ್ಯವೇ ನೋಡಬೇಕು, ಆಮೇಲೆ ‘ಕನ್ವರ್ಟ್’, ಆಮೇಲೆ ಬಯೋಸ್‌ನಲ್ಲಿ ಯುಇಎಫ್‌ಐ ಆಯ್ಕೆ. ಈ ಕಡೆಯದನ್ನು ಮರೆತರೆ ಯಂತ್ರ ಏಳುವುದೇ ಇಲ್ಲ. ಬ್ಯಾಕಪ್ ಇಲ್ಲದೆ ಇದನ್ನು ಮುಟ್ಟಬಾರದು.

ನಿಮ್ಮದು 32-ಬಿಟ್ ವಿಂಡೋಸ್ 10 ಆಗಿದ್ದರೆ ನೇರವಾಗಿ ಮೇಲೇರುವ ದಾರಿ ಇಲ್ಲ. ಪ್ರೊಸೆಸರ್ ಯೋಗ್ಯವಾಗಿದ್ದರೂ ಹೊಸದಾಗಿಯೇ ಹಾಕಬೇಕು. ವಿಂಡೋಸ್ 7ರಲ್ಲೇ ಉಳಿದವರ ಕಥೆಯೂ ಅಷ್ಟೇ. ಅವರಿಗೆ ಕ್ರೋಮ್ ಕೂಡ 109ನೇ ಆವೃತ್ತಿಗೇ ನಿಂತಿದೆ.

ಹಂತ 5: ನಾಲ್ಕು ದಾರಿ, ಒಂದನ್ನು ಆರಿಸಿ

ಒಂದನೆಯದು, ಇದ್ದ ಯಂತ್ರಕ್ಕೇ ವಿಂಡೋಸ್ 11. ಅರ್ಹತೆ ಇದ್ದು, ಹಂತ 3ರ ಪಟ್ಟಿಗೆಲ್ಲ ಉತ್ತರ ಸಿಕ್ಕಿದ್ದರೆ ಬೇರೆ ಯೋಚನೆ ಬೇಡ. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ.

ಎರಡನೆಯದು ಇಎಸ್‌ಯು, ಅಂದರೆ ವಿಸ್ತರಿಸಿದ ಭದ್ರತಾ ಅಪ್‌ಡೇಟ್. ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಪ್ಯಾಚ್ ಮುಂದುವರಿಸುವ ಯೋಜನೆ. ಸೇರಲು ಯಂತ್ರ 22ಎಚ್2ನಲ್ಲಿರಬೇಕು, ಅಡ್ಮಿನ್ ಹಕ್ಕಿರುವ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಕೊಂಡಿ ಇರುತ್ತದೆ. ಕಾಣದಿದ್ದರೆ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ಮತ್ತೆ ನೋಡಿ. ಹಣ ಕೊಡುವುದಾದರೆ 30 ಡಾಲರ್, ಇಲ್ಲವೇ 1,000 ರಿವಾರ್ಡ್ಸ್ ಅಂಕ, ಅದೂ ಬೇಡವೆಂದರೆ ಸೆಟ್ಟಿಂಗ್ಸ್‌ಗಳನ್ನು ಖಾತೆಗೆ ಸಿಂಕ್ ಮಾಡಲು ಒಪ್ಪಿದರೆ ಉಚಿತ. ಒಂದೇ ಖಾತೆಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು.

ಸಿಂಕ್ ದಾರಿಯಲ್ಲಿ ಜನ ಜಾರುವ ಜಾಗವೊಂದಿದೆ. ಸೆಟ್ಟಿಂಗ್ಸ್ ಸಿಂಕ್ ಆದರೆ ಸಾಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನೂ ಟಿಕ್ ಮಾಡಿದರೆ ಅವು ಒನ್‌ಡ್ರೈವ್‌ಗೆ ಸ್ಥಳ ಬದಲಿಸುತ್ತವೆ, ಅಲ್ಲಿನ 5 ಜಿಬಿ ಉಚಿತ ಜಾಗ ಮದುವೆಯ ಫೋಟೋಗಳಿಂದ ಮೊದಲ ದಿನವೇ ತುಂಬುತ್ತದೆ. ಆಮೇಲೆ ಫೈಲ್ ಎಲ್ಲಿದೆ ಎಂದು ಹುಡುಕಾಟ.

ತಡವಾಗಿ ಸೇರಿದರೂ ಕೊನೆಯ ದಿನಾಂಕ ಮುಂದೆ ಹೋಗುವುದಿಲ್ಲ. ಡೊಮೈನ್‌ಗೆ (ಸಂಸ್ಥೆಯ ಕೇಂದ್ರ ಜಾಲಕ್ಕೆ) ಸೇರಿಸಿದ ಕಚೇರಿ ಯಂತ್ರಗಳಿಗೆ ಈ ಗ್ರಾಹಕ ಯೋಜನೆ ಅನ್ವಯಿಸದು. ಸಂಸ್ಥೆಗಳ ಇಎಸ್‌ಯು ಬೇರೆ, ಮೊದಲ ವರ್ಷಕ್ಕೆ ಯಂತ್ರಕ್ಕೆ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು. ಎರಡನೇ ವರ್ಷದ ಮೊತ್ತ ನೋಡಿದ ಮೇಲೂ ಹಳೆಯ ಯಂತ್ರ ಇಟ್ಟುಕೊಳ್ಳುವ ಸಣ್ಣ ಕಚೇರಿ ಇರಲಿಕ್ಕಿಲ್ಲ.

ಮೂರನೆಯದು ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಸಿಸ್ಟಮ್. ವಿಂಡೋಸ್ 11 ಏರದ, ಬ್ರೌಸರ್ ಮತ್ತು ಪತ್ರವ್ಯವಹಾರಕ್ಕಷ್ಟೇ ಬಳಸುವ ಯಂತ್ರಕ್ಕೆ ಇದು ನಿಜವಾಗಿಯೂ ಒಳ್ಳೆಯ ಉತ್ತರ. ಅದರ ಒಂದು ರೂಪವಾದ ಲಿನಕ್ಸ್ ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, 4 ಜಿಬಿ ರ‍್ಯಾಮ್‌ನಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ನೆಮ್ಮದಿಯಾಗಿ ಓಡುತ್ತದೆ. ಪೆನ್‌ಡ್ರೈವ್‌ನಿಂದಲೇ ಎಬ್ಬಿಸಿ, ಡಿಸ್ಕ್ ಮುಟ್ಟದೆ ವೈಫೈ, ಧ್ವನಿ, ಪ್ರಿಂಟರ್ ಎಲ್ಲ ನೋಡಿಕೊಳ್ಳಬಹುದು. ಐಬಸ್‌ಗೆ (ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪಿಸುವ ತಂತ್ರಾಂಶ) ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಕಟ್ಟು ಸೇರಿಸಿದರೆ ಕನ್ನಡದ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳಿವೆ. ಆದರೆ ಟ್ಯಾಲಿ, ಡಿಜಿಟಲ್ ಸಹಿ, ಕೋರೆಲ್‌ಡ್ರಾ ಇದ್ದವರು ಈ ಕಡೆ ಬರಬೇಡಿ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳೂ ಕಾಡುತ್ತವೆ: ಎಚ್‌ಪಿ 1020ಕ್ಕೆ ಎಚ್‌ಪಿಎಲ್‌ಐಪಿ ಎಂಬ ಎಚ್‌ಪಿ ಡ್ರೈವರ್ ಕಟ್ಟಿನ ಹೆಚ್ಚುವರಿ ಪ್ಲಗಿನ್ ಬೇಕೇ ಬೇಕು, ಕ್ಯಾನನ್ ಎಲ್‌ಬಿಪಿ2900 ಹೊಂದಿಸುವುದು ತಲೆನೋವಿನ ಕೆಲಸ.

ನಾಲ್ಕನೆಯದು ಬೇರೆ ಯಂತ್ರ. ಹೊಸತಿಗೆ ದುಡ್ಡಿಲ್ಲದಿದ್ದರೆ ಕಚೇರಿಗಳಿಂದ ಹೊರಬಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೆಟ್ಟ ಆಯ್ಕೆಯಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಮಾದರಿಯ ಹೆಸರು ನಂಬಬೇಡಿ. ಒಂದೇ ಮಾದರಿಯ ಹೆಸರಿನಲ್ಲಿ 7 ಮತ್ತು 8ನೇ ಪೀಳಿಗೆ ಎರಡೂ ಬಂದದ್ದುಂಟು. ಪೆಟ್ಟಿಗೆಯಲ್ಲಿ ‘ಎಂಎಸ್‌ಇನ್ಫೋ32’ ಹೊಡೆಸಿ ಪ್ರೊಸೆಸರ್ ಸಾಲು ಓದಿಯೇ ದುಡ್ಡು ಕೊಡಿ. ‘ವಿಂಡೋಸ್ 11 ಹಾಕಿಯೇ ಕೊಡ್ತೀವಿ’ ಎಂಬ ಮಾತು ಪುರಾವೆಯಲ್ಲ, ಅರ್ಹತೆಯ ಪರೀಕ್ಷೆ ತಪ್ಪಿಸಿ ಹಾಕುವ ಉಪಾಯಗಳಿವೆ. ಹೊಸದು ಕೊಳ್ಳುವವರು ಸ್ನ್ಯಾಪ್‌ಡ್ರಾಗನ್ ಚಿಪ್‌ನ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಇನ್ನೂ ಎಚ್ಚರ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಆದರೆ ಇಂಟೆಲ್–ಎಎಂಡಿಗೆಂದು ಬರೆದ ಪ್ರಿಂಟರ್, ಟೋಕನ್ ಡ್ರೈವರ್‌ಗಳು ಆ ಎಆರ್‌ಎಂ ಚಿಪ್‌ನಲ್ಲಿ ಓಡುವುದಿಲ್ಲ.

ಅರ್ಹತೆ ಇಲ್ಲದ ಯಂತ್ರಕ್ಕೇ ಬಲವಂತವಾಗಿ ವಿಂಡೋಸ್ 11 ಹಾಕುವ ಐದನೇ ದಾರಿಯನ್ನು ಬಹಳ ಮಂದಿ ಕೇಳುತ್ತಾರೆ. ತಾಂತ್ರಿಕವಾಗಿ ಆಗುತ್ತದೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತ್ರಿಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಕೈಯಾರೆ ಏರಿಸಬೇಕು, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದಾಚೆ ತೀರ ಹಳೆಯ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಕೂಡ ಆಗುವುದಿಲ್ಲ. ಮನೆಯ ಎರಡನೇ ಕಂಪ್ಯೂಟರ್‌ನಲ್ಲಿ ಆಟವಾಡಿ ನೋಡಿ. ಅಂಗಡಿಯ ಲೆಕ್ಕದ ಯಂತ್ರಕ್ಕೆ ಬೇಡ. ಕ್ರ್ಯಾಕ್ ಮಾಡಿದ ವಿಂಡೋಸ್ ಅಂತೂ ಬೇಡವೇ ಬೇಡ: ಆ ಆ್ಯಕ್ಟಿವೇಟರ್‌ಗಳು ಮೊದಲು ಹೇಳುವುದೇ ಡಿಫೆಂಡರ್ ಆಫ್ ಮಾಡಿ ಅಂತ.

ಹಂತ 6: ದಿನ ಗೊತ್ತುಮಾಡಿ, ಬ್ಯಾಕಪ್ ತೆಗೆಯಿರಿ

ಲೆಕ್ಕಪತ್ರದ ಯಂತ್ರವಾದರೆ ಮಾರ್ಚ್ ತಿಂಗಳು ಮುಟ್ಟಲೇಬೇಡಿ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು 11ನೇ ತಾರೀಖು, 3ಬಿಯದ್ದು 20ನೇ ತಾರೀಖು. ಹಾಗಾಗಿ 21ರ ನಂತರದ ಶನಿವಾರ ಸರಿಯಾದ ಹೊತ್ತು. ಭಾನುವಾರ ರಿಪೇರಿಗೆ ಕೈಯಲ್ಲಿರುತ್ತದೆ.

ಬ್ಯಾಕಪ್ ಎಂದರೆ ಡಿ ಡ್ರೈವ್‌ಗೆ ನಕಲು ಮಾಡುವುದಲ್ಲ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಹೋಳುಗಳು, ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಹೊರಗಿನ ಡಿಸ್ಕಿಗೆ ಒಂದು ಪ್ರತಿ, ಮುಖ್ಯವಾದವುಗಳ ಇನ್ನೊಂದು ಪ್ರತಿ ಬೇರೆ ಕಡೆ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಟ್ಯಾಲಿ ಫೋಲ್ಡರ್, ಔಟ್‌ಲುಕ್‌ನ ಮೇಲ್‌ಗಳಿರುವ ಪಿಎಸ್‌ಟಿ ಫೈಲು, ಫಾಂಟ್‌ಗಳು, ಬ್ರೌಸರ್‌ನ ಪಾಸ್‌ವರ್ಡ್‌ಗಳು. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿ ನಾಲ್ಕೈದು ಫೈಲು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಹಂತ 7: ಬದಲಾವಣೆಯ ದಿನ

ಸಿ ಡ್ರೈವ್‌ನಲ್ಲಿ ಕನಿಷ್ಠ 30 ಜಿಬಿ ಖಾಲಿ ಮಾಡಿ. ಬೇಕಿಲ್ಲದ ಯುಎಸ್‌ಬಿ ಸಾಧನಗಳನ್ನು ಕಿತ್ತಿಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತೆಗೆದುಹಾಕಿ, ಏರಿಕೆ ನಡುವೆ ನಿಲ್ಲಲು ಅದೂ ಒಂದು ಸಾಮಾನ್ಯ ಕಾರಣ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಲೋಡ್‌ಶೆಡ್ಡಿಂಗ್ ವೇಳೆ ಗೊತ್ತಿದ್ದರೆ ಅದನ್ನು ದಾಟಿಸಿಕೊಳ್ಳಿ.

ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ವಿಂಡೋಸ್ 11 ಕಾಣದಿದ್ದರೆ ಮೈಕ್ರೋಸಾಫ್ಟ್ ತಾಣದ ‘ಇನ್‌ಸ್ಟಲೇಶನ್ ಅಸಿಸ್ಟೆಂಟ್’ ಬಳಸಿ. ಇಳಿಯಬೇಕಾದ್ದು ಹಲವಾರು ಜಿಬಿ, ಮೊಬೈಲ್ ಡೇಟಾದಲ್ಲಿ ಕೂರಬೇಡಿ. ಮಧ್ಯೆ ಹಲವು ಸಲ ರೀಸ್ಟಾರ್ಟ್ ಆಗುತ್ತದೆ, ಶೇಕಡಾವಾರು ಒಂದೇ ಅಂಕಿಯಲ್ಲಿ ಅರ್ಧ ಗಂಟೆ ನಿಂತರೂ ಪವರ್ ಬಟನ್ ಒತ್ತಬೇಡಿ.

ಮುಗಿದ ಮೇಲೆ ನೋಡುವ ಕ್ರಮ: ಮೊದಲು ಮತ್ತೊಮ್ಮೆ ಅಪ್‌ಡೇಟ್ ಓಡಿಸಿ, ಆಮೇಲೆ ಪ್ರಿಂಟ್ ಒಂದು, ಟೋಕನ್‌ನಿಂದ ಲಾಗಿನ್ ಒಂದು, ಹಳೆಯ ನುಡಿ ಫೈಲು ಒಂದು, ಟ್ಯಾಲಿಯಲ್ಲಿ ಒಂದು ವರದಿ. ಯಾವುದಾದರೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಇದೆ. ಅದರ ಗಡುವು 10 ದಿನ. ಅಷ್ಟರೊಳಗೆ ಡಿಸ್ಕ್ ಶುಚಿಗೊಳಿಸುವ ಉತ್ಸಾಹದಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಅಳಿಸಿದರೆ ಹಿಂದಿರುಗುವ ದಾರಿ ಮುಚ್ಚಿತು.

ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಇನ್ನೊಂದು ಕೆಲಸವಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದ ವಿಂಡೋಸ್ 11 ಯಂತ್ರದಲ್ಲಿ ಡಿಸ್ಕ್‌ಗೆ ಬೀಗ ತಾನಾಗಿಯೇ ಬಿದ್ದಿರುವ ಸಂಭವ ಹೆಚ್ಚು. ಖಾತೆಯ ಪುಟದಲ್ಲಿ ಆ ಯಂತ್ರದ ಹೆಸರಿನೆದುರು ರಿಕವರಿ ಕೀ ಇರುತ್ತದೆ. ಅದನ್ನು ಕಾಗದಕ್ಕೆ ಬರೆದು ಬಿಲ್ ಜೊತೆ ಇಡಿ. ಅಂಗಡಿಯ ಹುಡುಗ ತನ್ನದೇ ಖಾತೆಯಿಂದ ಸೆಟಪ್ ಮಾಡಿಕೊಟ್ಟಿದ್ದರೆ ಆ ಕೀ ಅವನ ಖಾತೆಯಲ್ಲಿರುತ್ತದೆ! ರೀಸೆಟ್ ಮಾಡಿಸಿ ನಿಮ್ಮ ಖಾತೆಯಲ್ಲೇ ಶುರು ಮಾಡಿ.

ಹಂತ 8: ಹಳೆಯ ಯಂತ್ರ

ಹೊಸತು ಸರಿಯಾಗಿ ನಡೆಯುತ್ತಿದೆ ಎನಿಸಿದರೂ ಹಳೆಯದನ್ನು ಒಂದು ತಿಂಗಳು, ಲೆಕ್ಕಪತ್ರದ್ದಾದರೆ ಒಂದು ರಿಟರ್ನ್ ಸಲ್ಲಿಸುವವರೆಗೆ, ಹಾಗೇ ಇಟ್ಟುಕೊಳ್ಳಿ. ಮರೆತ ಫೈಲು ನೆನಪಾಗುವುದು ಆಗಲೇ. ಕೊಟ್ಟುಬಿಡುವಾಗ ಬರೀ ಡಿಲೀಟ್ ಸಾಲದು. ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವ್ರಿಥಿಂಗ್’ ಆರಿಸಿ, ಸೆಟ್ಟಿಂಗ್ ಬದಲಿಸುವ ಕೊಂಡಿಯೊಳಗೆ ‘ಕ್ಲೀನ್ ಡೇಟಾ’ ಆನ್ ಮಾಡಿ. ದೊಡ್ಡ ಹಾರ್ಡ್‌ಡಿಸ್ಕ್‌ನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಯಂತ್ರ ಆನ್ ಆಗುವುದೇ ಇಲ್ಲವೆಂದರೆ ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕ್ ನೀವೇ ಇಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಗುಜರಿಗೆ ಹಾಕಬೇಡಿ.